ಒಂಬತ್ತು ವರ್ಷದ ಪರೀಕ್ಷಕಿ

ಸುಳ್ಳು ಹೇಳುವುದು ನನ್ನ ಅಭ್ಯಾಸವಲ್ಲ. ಹೇಳಿದ್ದು ಒಂದೇ, ಅದೂ ಒಂದು ಯಂತ್ರಕ್ಕೆ. ಆ ಯಂತ್ರ ಹೋಗಿ ಸೊಸೆಯ ಹತ್ತಿರ ಚಾಡಿ ಹೇಳಿತಲ್ಲ, ಅದೇ ನನ್ನ ಸಂಕಟ.

ಸೊಸೆ ಮಕ್ಕಳ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಮಕ್ಕಳು ನೋಡಬಹುದಾದ ಒಳ್ಳೆಯ ವೆಬ್‌ಸೈಟುಗಳ ಪಟ್ಟಿಯೊಂದನ್ನು ಅವಳು ಅಲ್ಲಿ ಗೋಡೆಗೆ ಅಂಟಿಸಬೇಕಿತ್ತು. ಹತ್ತು ವೆಬ್‌ಸೈಟು, ಒಂದೊಂದಕ್ಕೂ ಇಪ್ಪತ್ತು ಪ್ರಶ್ನೆಗಳ ನಮೂನೆ.

"ಅತ್ತೆ, ನೀವೇ ನೋಡಿ ಅಂಕ ಹಾಕಿ. ನಿಮ್ಮಷ್ಟು ತಾಳ್ಮೆ ಯಾರಿಗಿದೆ?"

"ನಾಲ್ಕನೇ ಕ್ಲಾಸಿನವಳು ಕಣೇ ನಾನು!"

"ಅದಕ್ಕೇ ಅತ್ತೆ. ನಿಮಗೆ ಅರ್ಥ ಆದ್ರೆ ಮಕ್ಕಳಿಗೂ ಆಗತ್ತೆ."

(ಇದು ಹೊಗಳಿಕೆಯೋ ಅಲ್ಲವೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಹೊಗಳಿಕೆ ಎಂದೇ ಇಟ್ಟುಕೊಂಡೆ.)

ಹೀಗೆ ನಾನು ಪರೀಕ್ಷಾಧಿಕಾರಿಣಿಯಾದೆ. ಮಧ್ಯಾಹ್ನ ಎಂಟು ತಿಂಗಳ ಮೊಮ್ಮಗನನ್ನು ಮಲಗಿಸಿ, ಕಾಲಿನಿಂದ ತೊಟ್ಟಿಲು ತೂಗುತ್ತ, ಕೈಯಿಂದ ಕಂಪ್ಯೂಟರ್ ಒತ್ತುತ್ತ ಕೂರುತ್ತಿದ್ದೆ. ನಮ್ಮ ಯಜಮಾನರು ಆರಾಮಕುರ್ಚಿಯಿಂದ ಗೊರಕೆಯ ಹಿನ್ನೆಲೆ ಸಂಗೀತ ಒದಗಿಸುತ್ತಿದ್ದರು. ಒಂದು ವೆಬ್‌ಸೈಟಿನಲ್ಲಿ ಆನೆಯನ್ನು ಮುಟ್ಟಿದರೆ ಬಿಸ್ಕತ್ತಿನ ಜಾಹೀರಾತು ಬಂತು. ಸೊನ್ನೆ. ಇನ್ನೊಂದು, ನಾನು ತಪ್ಪು ಉತ್ತರ ಒತ್ತಿದರೂ "ಭೇಷ್! ಭೇಷ್!" ಎಂದು ಚಪ್ಪಾಳೆ ತಟ್ಟಿತು. ಮೂವತ್ತೈದು ವರ್ಷ ಸಂಸಾರ ಮಾಡಿ ಒಂದು ಭೇಷ್ ಕೇಳದವಳಿಗೆ ಹಿತವೆನಿಸಿತು, ನಿಜ. ಆದರೂ ಧರ್ಮಕ್ಕೆ ಕಟ್ಟುಬಿದ್ದು ಅಂಕ ಕಳೆದೆ.

ಹತ್ತನೆಯದರಲ್ಲಿ ಸಿಕ್ಕಿಬಿದ್ದೆ. ಅದು ಐದನೇ ಕ್ಲಾಸಿನ ಗಣಿತವನ್ನು ಹನ್ನೆರಡು ಪಾಠಗಳಲ್ಲಿ ಕಲಿಸುತ್ತಿತ್ತು.

ಐದನೇ ಕ್ಲಾಸು! ನನ್ನ ಐದನೇ ಕ್ಲಾಸಿನ ಪುಸ್ತಕಗಳಿಗೆ ಅಪ್ಪ ರಟ್ಟು ಕೂಡ ಹಾಕಿಕೊಟ್ಟಿದ್ದರು. ಅದೇ ವಾರ ತಮ್ಮ ಹುಟ್ಟಿದ. "ಅಮ್ಮನಿಗೆ ಸ್ವಲ್ಪ ಸಹಾಯ ಮಾಡು ಪುಟ್ಟಿ, ನಾಳೆ ಹೋಗುವಿಯಂತೆ," ಎಂದರು ಅಪ್ಪ. ತೊಟ್ಟಿಲು ತೂಗುತ್ತ ಕಿಟಕಿಯಲ್ಲಿ ಶಾಲೆಯ ಗಂಟೆ ಕೇಳಿಸಿಕೊಳ್ಳುತ್ತಿದ್ದೆ. ಆ ನಾಳೆ ಬರಲೇ ಇಲ್ಲ. ಆಮೇಲೆ ನಾನು ಕಲಿತದ್ದೆಲ್ಲ ಅಂಗಡಿಯ ಪೊಟ್ಟಣದ ಕಾಗದದಿಂದ, ದೇವರ ಪುಸ್ತಕಗಳಿಂದ. ಭಿನ್ನರಾಶಿ ಮಾತ್ರ ಯಾವ ಪೊಟ್ಟಣದಲ್ಲೂ ಬರಲಿಲ್ಲ.

ಒಳಗೆ ಬಿಡುವ ಮೊದಲು ಯಂತ್ರ ವಯಸ್ಸು ಕೇಳಿತು. ಪಟ್ಟಿ ಹನ್ನೆರಡಕ್ಕೇ ಮುಗಿದಿತ್ತು. ಐವತ್ತೊಂಬತ್ತು ಎಲ್ಲೂ ಇರಲಿಲ್ಲ. ಶಾಲೆ ಬಿಟ್ಟ ವಯಸ್ಸನ್ನೇ ಒತ್ತಿದೆ: ಒಂಬತ್ತು. ಪೋಷಕರ ಇಮೇಲ್ ಕೇಳಿತು. ನನಗೆ ಬಾಯಿಪಾಠವಿದ್ದದ್ದು ಸೊಸೆಯದೊಂದೇ. ದೇವರ ಪಟದ ಕಡೆ ತಿರುಗಿ, "ಐವತ್ತು ವರ್ಷದ ವ್ಯತ್ಯಾಸ, ಹೊಟ್ಟೆಗೆ ಹಾಕ್ಕೋ ತಂದೆ," ಎಂದು ಕೈಮುಗಿದೆ.

ಆರು ದಿನ ನಾನು ಈ ಲೋಕದಲ್ಲಿರಲಿಲ್ಲ. ಒಲೆಯ ಮೇಲೆ ಹಾಲು ಎರಡು ಸಲ ಉಕ್ಕಿತು. ಪಾತ್ರೆಯಲ್ಲಿ ಉಳಿದದ್ದು ಎಷ್ಟನೇ ಭಾಗ ಎಂದು ಯೋಚಿಸುತ್ತ ನಿಂತಿದ್ದೆ. ಏಳನೇ ದಿನ ಹನ್ನೊಂದನೇ ಪಾಠದ ಬಾಗಿಲಿಗೆ ಬೀಗ: "ಪೋಷಕರ ಅನುಮತಿ ಬಂದಿಲ್ಲ. ಅಮ್ಮನನ್ನು ಕೇಳು, ಪುಟಾಣಿ."

ಅದೇ ಸಂಜೆ ನಮೂನೆ ಕೊಡಬೇಕಿತ್ತು. ಹದಿನೇಳನೇ ಪ್ರಶ್ನೆ: "ಬರುವವರು ಮಕ್ಕಳೇ ಎಂದು ಖಚಿತಪಡಿಸಿಕೊಳ್ಳುತ್ತದೆಯೇ? ಸೊನ್ನೆ ಬಿದ್ದರೆ ಪಟ್ಟಿಯಿಂದ ಹೊರಗೆ." ಹತ್ತು ವೆಬ್‌ಸೈಟಿನಲ್ಲಿ ನನಗೇನಾದರೂ ಕಲಿಸಿದ್ದು ಈ ಗಣಿತದ್ದೊಂದೇ. ಪೂರ್ತಿ ಅಂಕ ಹಾಕೋಣವೆಂದು ದೇವರ ಪಟಕ್ಕೆ ಬೆನ್ನು ಮಾಡಿ ಕೂತೆ. ಬೆನ್ನು ಸುಟ್ಟ ಹಾಗಾಯಿತು. ಸೊನ್ನೆ ಹಾಕಿ ಕಾರಣ ಬರೆದೆ: "ಐವತ್ತೊಂಬತ್ತರ ಹೆಂಗಸೊಬ್ಬಳು ಒಂಬತ್ತೆಂದು ಹೇಳಿ ಒಳಗೆ ನುಗ್ಗಿದ್ದಾಳೆ."

ಸೊಸೆ ಬಂದು ಓದಿದಳು. "ಯಾರತ್ತೆ ಈ ಹೆಂಗಸು?"

"ನಮ್ಮ ಪೈಕಿಯವಳೇ," ಎಂದೆ ನೆಲ ನೋಡುತ್ತ.

ಅವಳು ಥಟ್ಟನೆ ಮೊಬೈಲ್ ತೆಗೆದಳು. "ಅಯ್ಯೋ! ವಾರದಿಂದ ಪತ್ರ ಬರ್ತಿದೆ, ಇನ್ಯಾರದೋ ಇರಬೇಕು ಅಂತ ಬಿಟ್ಟಿದ್ದೆ. ಕೇಳಿ: 'ನಿಮ್ಮ ಮಗು ಭಿನ್ನರಾಶಿಯಲ್ಲಿ ಬಹಳ ಚುರುಕು. ಆದರೆ ದಿನವೂ ಶಾಲೆಯ ಸಮಯದಲ್ಲೇ ಇಲ್ಲಿರುತ್ತದೆ. ಶಾಲೆಗೆ ಹೋಗುತ್ತಿದೆಯೇ, ದಯವಿಟ್ಟು ವಿಚಾರಿಸಿ.'"

ಕುರ್ಚಿಯ ಗೊರಕೆ ನಿಂತಿತು. "ಇಲ್ಲ ಅಂತ ಬರಿಯಮ್ಮ," ಎಂದರು ಯಜಮಾನರು ಕಣ್ಣು ಬಿಡದೆ. "ಐವತ್ತು ವರ್ಷದಿಂದ ಚಕ್ಕರ್ ಹೊಡೀತಿದಾಳೆ."

ನಗೋಣವೆಂದು ಬಾಯಿ ತೆರೆದೆ. ಕಣ್ಣು ಒದ್ದೆಯಾಯಿತು. "ಇನ್ನೆರಡೇ ಪಾಠ ಇತ್ತು ಕಣೇ."

ಸೊಸೆ ನಗಲಿಲ್ಲ. ನಮೂನೆ ತೆಗೆದುಕೊಂಡು ನನ್ನ ಸೊನ್ನೆಯನ್ನು ಹೊಡೆದುಹಾಕಿ ಐದಕ್ಕೆ ಐದು ಬರೆದಳು. "ಬಾಗಿಲಲ್ಲಿ ನಿಲ್ಲಿಸ್ತಲ್ಲ ಅತ್ತೆ, ಅದರ ಕೆಲಸ ಅದು ಮಾಡಿದೆ. ಪತ್ರ ಓದದೆ ಇದ್ದಿದ್ದು ಪೋಷಕರ ತಪ್ಪು. ನಿಮ್ಮ ವಯಸ್ಸಿನ ವಿಷಯ ನಾನೇ ಆ ವೆಬ್‌ಸೈಟಿನವರಿಗೆ ಬರೀತೀನಿ, ದೊಡ್ಡೋರಿಗೂ ಒಂದು ಬಾಗಿಲಿಡಿ ಅಂತ." ಆಮೇಲೆ ಮೊಬೈಲ್ ನನ್ನೆಡೆಗೆ ತಿರುಗಿಸಿದಳು. ಅದರಲ್ಲಿ "ಈ ಮಗುವಿನ ಜವಾಬ್ದಾರಿ ನಿಮ್ಮದೇ?" ಎಂದಿತ್ತು. ಒಂದು ಕ್ಷಣ ನನ್ನ ಮುಖ ನೋಡಿ, "ಹೌದು" ಒತ್ತಿದಳು.

ನಾನು ಹಿಗ್ಗಿ ಇನ್ನೂ ನೆಟ್ಟಗೆ ಕೂತಿರಲಿಲ್ಲ, ಪೋಷಕಿ ಶುರು ಮಾಡಿದಳು. "ದಿನಕ್ಕೆ ಅರ್ಧ ಗಂಟೆ. ಸಂಜೆ, ನಾನು ಬಂದ್ಮೇಲೆ. ಹಾಲು ಉಕ್ಕಿದ್ದು ನಂಗೆ ಗೊತ್ತಾಗಿಲ್ಲ ಅಂದ್ಕೊಂಡ್ರಾ? ಆ ಅರ್ಧ ಗಂಟೆ ಮಾವ ತೊಟ್ಟಿಲು ತೂಗ್ತಾರೆ."

ಕುರ್ಚಿಯಲ್ಲಿ ಗೊರಕೆ ತಕ್ಷಣ ಶುರುವಾಯಿತು. ಫಲವೇನೂ ಸಿಗಲಿಲ್ಲ.

ಮಾರನೇ ಸಂಜೆ ಹನ್ನೊಂದನೇ ಪಾಠದ ನಟ್ಟನಡುವೆ, ಉತ್ತರ ಇನ್ನೇನು ಬೆರಳ ತುದಿಗೆ ಬಂತು ಅನ್ನುವಾಗ, ಅರ್ಧ ಗಂಟೆ ಮುಗಿಯಿತೆಂದು ಪರದೆ ತಾನಾಗಿ ಮುಚ್ಚಿಕೊಂಡು ಒಂದು ಸಾಲು ಮೂಡಿತು: "ಇವತ್ತಿಗೆ ಸಾಕು, ಪುಟಾಣಿ. ಹೋಗಿ ಅಮ್ಮನಿಗೆ ಸಹಾಯ ಮಾಡು. ನಾಳೆ ಸಿಗೋಣ."

ಅಪ್ಪ ಅಂದದ್ದೂ ಇದೇ ಮಾತು. ಎದ್ದು ಅಡುಗೆಮನೆಗೆ ಹೋಗಿ, ಸೊಸೆಯ ಪಕ್ಕ ಕೂತು ಬುಟ್ಟಿಯಲ್ಲಿದ್ದ ಬಟಾಣಿ ಸುಲಿಯತೊಡಗಿದೆ.

"ನಾಳೆ ಅಂದ್ರೆ ನಾಳೆಯೇ ತಾನೇ?" ಎಂದು ಕೇಳಿದೆ.

"ಬುಟ್ಟಿ ಖಾಲಿ ಆದ್ರೆ," ಎಂದಳು ನನ್ನ ಪೋಷಕಿ.