ಭಾಮೈದನ ತಾರಸಿಗೆ ಶಿಲಾಜಿತು

ನನ್ನ ಭಾಮೈದ ಊಟಕ್ಕೆ ಕೂತಾಗ ಆಡಿದ ಒಂದು ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯುವ ಇರಾದೆಯೂ ಇಲ್ಲ. "ಭಾವ, ಇನ್ನು ನೀವು ಏಣಿ ಹತ್ತೋದು ಬಿಡಿ. ಮೊನ್ನೆ ಕೆಳಗೆ ನಿಂತು ನೋಡ್ತಿದ್ದೆ, ಏಣಿಗಿಂತ ನೀವೇ ಜಾಸ್ತಿ ಕಿರುಗುಟ್ತಿದ್ರಿ" ಅಂದ. ನನ್ನ ಹೆಂಡತಿ ನಕ್ಕಳು. ತಮ್ಮನ ತಟ್ಟೆಗೆ ಇನ್ನೊಂದು ಸೌಟು ಬೇರೆ ಬಡಿಸಿದಳು!

ಸೋರುವ ತಾರಸಿಗೆ ಡಾಂಬರು ಮೆತ್ತಿ ನೀರು ನಿಲ್ಲಿಸುವುದು ನನ್ನ ಕಸುಬು. ಆರನೇ ಕ್ಲಾಸಿನಲ್ಲಿ ಶಾಲೆಗೂ ನನಗೂ ಜಗಳವಾದ ಮೇಲೆ ಹಿಡಿದ ಕೆಲಸ. ಮೂವತ್ತು ವರ್ಷದಲ್ಲಿ ನಾನು ಮುಚ್ಚಿದ ಬಿರುಕು ಮತ್ತೆ ಬಾಯಿ ಬಿಟ್ಟ ಉದಾಹರಣೆ ಇಲ್ಲ. ಅಂಥವನು ಏಣಿ ಬಿಡಬೇಕಂತೆ. ಕೈ ತೊಳೆಯುವಾಗಲೇ ನಿರ್ಧಾರ ಮಾಡಿದೆ: ಶಿಲಾಜಿತು ತಿನ್ನುತ್ತೇನೆ, ಆನೆಯಾಗುತ್ತೇನೆ! ಅದೂ ಹಿಮಾಲಯದ ಬಂಡೆಯಿಂದ ಒಸರುವ ಕಪ್ಪು ಅಂಟು, ಅಸಲಿ ಮಾಲು. ಹುಟ್ಟಿದಾಗಿನಿಂದ ಕಪ್ಪು ಅಂಟಿನಲ್ಲೇ ಕೈಯಾಡಿಸಿದ ನನಗೆ ನಕಲಿ ಕೊಟ್ಟು ದಕ್ಕಿಸಿಕೊಳ್ಳುವವರು ಯಾರಿದ್ದಾರೆ?

ಮೂಲೆಯ ಔಷಧಿ ಅಂಗಡಿ ನಡೆಸುವ ಹೆಂಗಸು ಬಹಳ ನಿಧಾನಸ್ಥೆ. "ಬಿ.ಪಿ. ಇದೆಯಾ ಅಣ್ಣಾ?" ಎಂದು ಕೇಳಿದರು.

"ಇದೆ. ನನಗಲ್ಲ, ನನ್ನ ಜೊತೆ ಇರೋರಿಗೆ."

ಅವರು ನಗಲಿಲ್ಲ. "ಯಾವುದಕ್ಕೂ ಡಾಕ್ಟರ್ ಹತ್ರ ಒಂದು ಮಾತು ಕೇಳಿ ಶುರು ಮಾಡಿ. ಇದು ಲ್ಯಾಬಿನ ವರದಿ. ಇದರಲ್ಲಿರೋ ಬ್ಯಾಚ್ ನಂಬರೂ ಡಬ್ಬಿ ಮೇಲಿರೋದೂ ಒಂದೇ ಇದೆಯಾ ನೋಡ್ಕೊಳ್ಳಿ" ಎಂದು ಕಾಗದ ಚಾಚಿದರು.

"ಕಾಗದ ಯಾರಿಗೆ ಬೇಕಮ್ಮಾ? ಅಸಲಿ ಆದ್ರೆ ನೀರಲ್ಲಿ ಕರಗುತ್ತೆ, ಬೆಂಕಿಗೆ ಹಿಡಿದ್ರೆ ಹತ್ಕೊಂಡು ಉರಿಯಲ್ಲ, ಬರೀ ಉಬ್ಬುತ್ತೆ. ಮೊಬೈಲಲ್ಲಿ ಎಲ್ಲಾ ನೋಡಿದೀನಿ."

"ಕರಗಿದ್ದೆಲ್ಲಾ ಒಳ್ಳೇದು ಅಂತಲ್ಲ ಅಣ್ಣಾ. ಸೀಸ, ಪಾದರಸ ಬೆರೆತಿದ್ರೆ ಕಣ್ಣಿಗೆ ಕಾಣುತ್ತಾ? ಅದಕ್ಕೇ ಈ ಕಾಗದ."

ಕಾಗದವನ್ನು ಅಲ್ಲೇ ಬಿಟ್ಟು ಹೆಬ್ಬೆರಳು ಗಾತ್ರದ ಗಾಜಿನ ಡಬ್ಬಿಯೊಂದನ್ನೇ ತಂದೆ. ಮನೆಯಲ್ಲಿ ಯಾರಾದರೂ ನೋಡಿ ಭಾಮೈದನ ಕಿವಿಗೆ ಮುಟ್ಟಿಸಿದರೆ? ದಾರಿಯಲ್ಲೇ ಲೇಬಲ್ ಕಿತ್ತು ಎಸೆದೆ. ಡಬ್ಬಿಯನ್ನು ನನ್ನ ಹೆಂಡತಿ ಎಂದೂ ಕೈ ಹಾಕದ ಜಾಗದಲ್ಲಿ, ಅಂದರೆ ನನ್ನ ಕೆಲಸದ ಚೀಲದಲ್ಲಿ ಬಚ್ಚಿಟ್ಟೆ. ಎಂಥ ಬುದ್ಧಿ! ಆ ಚೀಲದಲ್ಲಿ ಆಗಲೇ ಅಂಥದೇ ಇನ್ನೊಂದು ಡಬ್ಬಿ ಇತ್ತು. ಡಾಂಬರು ಸರಬರಾಜು ಮಾಡುವವನು ಹೊಸ ಮಾಲಿನ ಸ್ಯಾಂಪಲ್ ಅಂತ ಕೊಟ್ಟಿದ್ದ.

ಭಾನುವಾರ ಭಾಮೈದನ ಮನೆ. ಅವನ ಮಲಗುವ ಕೋಣೆಯ ಮೇಲೆ ಗೇಣುದ್ದದ ಬಿರುಕು. "ಬೇರೆ ಯಾರನ್ನಾದ್ರೂ ಕರೀತೀನಿ ಭಾವ" ಅಂದ. ಅಷ್ಟು ಸಾಕಾಯಿತು. ಕಿರುಗುಟ್ಟದಂತೆ ಉಸಿರು ಕಟ್ಟಿ ಏಣಿ ಹತ್ತಿದೆ. ಹೊಸ ಸ್ಯಾಂಪಲ್ಲನ್ನು ಇವನ ಮನೆಯ ಮೇಲೇ ನೋಡಿಬಿಡೋಣ ಎಂದು ಡಬ್ಬಿ ತೆಗೆದು ಮೆತ್ತಿದೆ. ಮಧ್ಯಾಹ್ನದ ಬಿಸಿಲಿಗೆ ಅದು ಎಷ್ಟು ನಯವಾಗಿ ಹರಡಿತು ಅಂತೀರಿ! ಇಂಥ ಮಾಲು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

ಸಂಜೆ ಮನೆಗೆ ಬಂದು, ಉಳಿದ ಡಬ್ಬಿಯನ್ನು ಅಡುಗೆಮನೆಗೆ ಒಯ್ದು ಪರೀಕ್ಷೆಗೆ ಕೂತೆ. ಬಿಸಿ ಹಾಲಿಗೆ ಕಡಲೆಕಾಳಿನಷ್ಟು ಹಾಕಿ ಕಲಕಿದೆ. ಕರಗಲಿಲ್ಲ. ಇನ್ನೂ ಕಲಕಿದೆ. ಅದು ಚಮಚ ಹಿಡಿದುಕೊಂಡು ಬಿಡಲೊಲ್ಲದು! ಚೂರು ಬೆಂಕಿಗೆ ಹಿಡಿದರೆ ಭಗ್ಗನೆ ಹತ್ತಿ, ಕಪ್ಪು ಹೊಗೆ ಸೂರಿಗೆ ಏರಿತು.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಬಂದಳು. "ರೀ, ಏನ್ರೀ ಇದು, ರಸ್ತೆ ಹಾಕ್ತಿದೀರಾ ಒಳಗೆ?"

ಮುಚ್ಚಿಡಲಾಗಲಿಲ್ಲ. "ಶಿಲಾಜಿತು ಕಣೇ. ಆ ಔಷಧಿ ಅಂಗಡಿಯವಳು ನಕಲಿ ಕೊಟ್ಟು ಮೋಸ ಮಾಡಿದ್ದಾಳೆ!"

"ಡಾಂಬರಿನ ವಾಸನೆ ಹೊಡೀತಿದೆಯಲ್ರೀ. ನಿಮಗೆ ಗೊತ್ತಾಗಲ್ವಾ?"

ಎಲ್ಲಿ ಗೊತ್ತಾಗಬೇಕು? ಮೂವತ್ತು ವರ್ಷದಿಂದ ನನ್ನ ಮೂಗಿಗೆ ಹಾಲು, ಹೂವು, ಸಾಬೂನು ಎಲ್ಲವೂ ಅದೇ ವಾಸನೆ. ಆದರೆ ಅವಳ ಮಾತು ನನಗೆ ಸಾಕ್ಷಿಯಾಯಿತು. ಡಾಂಬರು! ಶಿಲಾಜಿತು ಅಂತ ಹೇಳಿ, ಡಾಂಬರಿನವನಿಗೇ ಡಾಂಬರು ಮಾರಿದ್ದಾಳೆ!

ಚಪ್ಪಲಿ ಮೆಟ್ಟಿ ಹೊರಟವನು ಅಂಗಡಿಯ ಮುಂದೆ ನಿಂತು ಗಂಟಲು ತೆರೆದೆ. ಐದಾರು ಜನ ಗಿರಾಕಿಗಳಿದ್ದರು. ರಸ್ತೆಯಲ್ಲಿ ಹೋಗುವವರೂ ನಿಂತರು. ಆ ಹೆಂಗಸು ಡಬ್ಬಿ ಮೂಸಿ ಬಿಳಿಚಿಕೊಂಡರು. "ಹೌದು, ಇದು ಡಾಂಬರೇ. ಲೇಬಲ್ ಎಲ್ಲಿ ಅಣ್ಣಾ?"

"ಕಿತ್ತೆ! ಲೇಬಲ್ ಇದ್ರೆ ಡಾಂಬರು ಸಿಹಿಯಾಗುತ್ತಾ?"

"ಹನ್ನೆರಡು ವರ್ಷದಿಂದ ಅಂಗಡಿ ಇಟ್ಟಿದೀನಿ. ಒಂದು ದೂರೂ ಬಂದಿಲ್ಲ..."

"ಬರೋರು ಬದುಕಿದ್ರೆ ತಾನೇ ಬರೋದು!"

ಒಬ್ಬ ಮುದುಕ ಕೈಯಲ್ಲಿದ್ದ ಮಾತ್ರೆಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದ. ಆ ಹೆಂಗಸು ಎಲ್ಲರೆದುರು ಕೈ ಜೋಡಿಸಿ, "ತಪ್ಪಾಯ್ತು ಅಣ್ಣಾ. ಹೇಗಾಯ್ತೋ ಗೊತ್ತಿಲ್ಲ, ಕ್ಷಮಿಸಿ" ಎಂದರು. ಕಪಾಟಿನಲ್ಲಿದ್ದ ಅಷ್ಟೂ ಶಿಲಾಜಿತಿನ ಡಬ್ಬಿಗಳನ್ನು ಇಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿದರು. ನಾನು ಮೀಸೆ ತಿರುವಿಕೊಂಡು ಮನೆಗೆ ಬಂದೆ.

ಮೂರನೇ ದಿನ ಮಳೆ ಹೊಡೆಯಿತು. ಬೆಳಗ್ಗೆ ಭಾಮೈದನ ಫೋನು: "ಭಾವ, ನಮ್ಮ ಹಾಸಿಗೆ ಮೇಲೆ ಡಿಕಾಕ್ಷನ್ ಬೀಳ್ತಿದೆ."

ನಾನು ಮೆತ್ತಿದ ಬಿರುಕು ಸೋರುವುದೇ? ಹೆಂಡತಿಯನ್ನೂ ಕರೆದುಕೊಂಡು ಓಡಿದೆ. ಮೇಲೆ ಹತ್ತಿ ನೋಡಿದರೆ ಮೆತ್ತಿದ್ದೇ ಇಲ್ಲ! ಬಿರುಕಿನಲ್ಲಿ ನಿಂತ ನೀರು ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟು ಉಜ್ಜಿದೆ; ಒಂದು ಹರಳಿಲ್ಲ, ಒಂದು ಗಸಿ ಇಲ್ಲ. ಚೀಲದಿಂದ ಆ ಖಾಲಿ ಡಬ್ಬಿ ತೆಗೆದು ತಿರುಗಿಸಿದೆ. ತಳದಲ್ಲಿ ಸಣ್ಣ ಅಕ್ಷರದ ಬ್ಯಾಚ್ ನಂಬರು. ನನ್ನ ಕೈಗೆ ಸಿಗದೆ ಉಳಿದ ಚೂರು ಲೇಬಲ್.

ಹೆಂಡತಿ ಕೆಳಗಿನಿಂದ ಕೂಗಿದಳು: "ಏನಾಗಿದೆ ರೀ?"

"ಕರಗಿದೆ ಕಣೇ."

"ಡಾಂಬರು ಕರಗುತ್ತಾ?"

ನಾನು ಆ ಖಾಲಿ ಡಬ್ಬಿಯನ್ನು ಅವಳಿಗೆ ಕಾಣುವಂತೆ ಹಿಡಿದೆ. ಅವಳು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಏಣಿ ಹಿಡಿದುಕೊಂಡೇ ಕುಸಿದು ಕೂತು ನಕ್ಕಳು. "ಊರೆಲ್ಲಾ ಒಂದು ಲೋಟ ನೀರಲ್ಲಿ ಪರೀಕ್ಷೆ ಮಾಡ್ತಾರೆ. ನಿಮಗೆ ನಮ್ಮ ತಮ್ಮನ ಮನೆಯೇ ಬೇಕಾಯ್ತಾ! ಇರಲಿ ಬಿಡಿ, ಅಸಲಿ ಅಂತ ಗೊತ್ತಾಯ್ತಲ್ಲ."

ಬಿರುಕನ್ನು ಅವತ್ತೇ ಸರಿಮಾಡಿದೆ. ಹಾಸಿಗೆಯನ್ನು ಹೆಂಡತಿ ಒಗೆದಳು. ಅದೆಲ್ಲ ಆಯಿತು. ಆದರೆ ಆ ಹೆಂಗಸು ಮಾಡದ ತಪ್ಪಿಗೆ ಕೈ ಜೋಡಿಸಿ ಕೇಳಿದ ಕ್ಷಮೆ ನನ್ನ ಹತ್ತಿರವೇ ಉಳಿದಿತ್ತು. ಅದನ್ನು ಹಿಂದಿರುಗಿಸಬೇಕಲ್ಲ? ಮರುದಿನವೇ ಅಂಗಡಿಗೆ ಹೋದೆ. ಜನ ಮೊದಲಿನಷ್ಟು ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು: "ಕಂಪನಿಯವರು ಮಾಲೆಲ್ಲಾ ಸರಿ ಇದೆ ಅಂದ್ರು ಅಣ್ಣಾ. ಆದ್ರೂ ನಾನು ಅದನ್ನ ಮಾರೋದೇ ಬಿಟ್ಟೆ. ನಿಮ್ಮಂಥ ತಿಳಿದೋರು ಹೇಳಿದ ಮೇಲೆ ಇನ್ನೇನು? ಹೇಳಿ, ಏನು ಕೊಡ್ಲಿ?"

ಜಗಳಕ್ಕಾದರೆ ಅದೇ ಬಾಗಿಲಲ್ಲಿ ನಿಂತು ಎಷ್ಟು ಸಲೀಸಾಗಿ ಬಂದಿತ್ತು ಮಾತು! "ಗಂಟಲಿಗೆ ಗುಳಿಗೆ" ಅಂದೆ.

ಆಮೇಲೆಯೂ ಹೇಳಿಯೇ ಬಿಡುತ್ತೇನೆಂದು ಹತ್ತು ಸಲ ಹೋಗಿದ್ದೇನೆ. ಈಗ ಮನೆಯಲ್ಲಿ ಗಂಟಲು ಗುಳಿಗೆಯ ಹನ್ನೊಂದು ಪಟ್ಟಿಗಳಿವೆ. ಮೊನ್ನೆ ಅವರು ನಿಜವಾದ ಕಾಳಜಿಯಿಂದ ಕೇಳಿದರು: "ಇನ್ನೂ ಗಂಟಲು ಬಿಟ್ಟಿಲ್ವಾ ಅಣ್ಣಾ?"

"ಇಲ್ಲಮ್ಮಾ" ಅಂದೆ. "ಏನೋ ಸಿಕ್ಕಿಹಾಕ್ಕೊಂಡಿದೆ."