ಚಿಟ್ಟೆಮನೆಯಲ್ಲಿ ನಮ್ಮತ್ತೆಯ ಹಾಜರಿ

ನಮ್ಮತ್ತೆಯವರು ಲಂಡನ್ನಿನಲ್ಲಿ ಆರು ತಿಂಗಳಿದ್ದು ಏನು ನೋಡಿದರು ಅಂತ ಯಾರಾದರೂ ಕೇಳಿದರೆ ನಾನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ಹುಳ ನೋಡಿದರು! ಅರಮನೆಯ ಮುಂದೆ ನಿಲ್ಲಿಸಿದರೆ "ಇಷ್ಟು ದೊಡ್ಡ ಮನೆಗೆ ಒಂದು ಜಗುಲಿ ಬ್ಯಾಡ್ವಾ?" ಎಂದು ಮುಖ ತಿರುಗಿಸಿದರು. ದೊಡ್ಡ ಗಡಿಯಾರದ ಕೆಳಗೆ ನಿಲ್ಲಿಸಿದರೆ "ಎಲ್ರ ಕೈಯಾಗೂ ವಾಚೈತೆ, ಇದನ್ನ ಯಾರು ನೋಡ್ತಾರವ್ವ?" ಎಂದರು. ಅಂಥವರು ಹೌನ್ಸ್ಲೋದ ನಮ್ಮ ಮನೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ದೂರದ ಚಿಟ್ಟೆಮನೆಗೆ ಮಾತ್ರ ವಾರ ತಪ್ಪದೆ ಹಾಜರಿ ಹಾಕಿದರು. ಇಂಥ ಪ್ರವಾಸಿಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ನಮ್ಮತ್ತೆ ಕನಕಪುರದ ಕಡೆಯವರು. ನಲವತ್ತು ವರ್ಷ ರೇಷ್ಮೆಹುಳ ಸಾಕಿದವರು. ಹುಳದ ಮನೆ ಅವರಿಗೆ ದೇವರಮನೆಗಿಂತ ಒಂದು ಗುಲಗಂಜಿ ಹೆಚ್ಚೇ! ಅವರ ಮಗ, ಅಂದರೆ ನಮ್ಮ ಯಜಮಾನರು, ಹುಳಗಳ ಜೊತೆ ಒಂದೇ ಸೂರಿನಡಿ ಬೆಳೆದವರು. ಆದರೆ ಏರ್‌ಪೋರ್ಟಿನ ಆಫೀಸಿನಲ್ಲಿ ಯಾರಾದರೂ ಮನೆತನದ ಕಸುಬು ಕೇಳಿದರೆ "ಅಗ್ರಿಕಲ್ಚರ್" ಎಂದು ಚುಟುಕಾಗಿ ಹೇಳಿ ಮಾತು ಬದಲಿಸುತ್ತಿದ್ದರು. ಹುಳ ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದಂತೆ.

ಫೆಬ್ರವರಿಯಲ್ಲಿ ಮಗಳ ಸ್ಕೂಲಿಗೆ ಒಂದು ವಾರ ರಜ ಬಂತು. ಅತ್ತೆ ಎರಡು ಸ್ವೆಟರಿನೊಳಗೆ ಮುದುಡಿ ಹೀಟರ್ ಪಕ್ಕ ಕೂತಿದ್ದರು. "ಚಿಟ್ಟೆ ನೋಡೋಕೆ ಹೋಗೋಣ ಅತ್ತೆ, ಅಲ್ಲೇ ಹುಳ ಸಾಕಿ ಚಿಟ್ಟೆ ಮಾಡ್ತಾರಂತೆ" ಎಂದೆ. ಅಷ್ಟೇ ನೋಡಿ! ಎದ್ದು ನಿಂತು ಕಾನೂನು ಹೊರಡಿಸಿದರು.

"ಎಲ್ರೂ ತಲೆ ಮೇಲೆ ನೀರು ಹುಯ್ಕೊಳಿ. ಸೆಂಟು, ಪೌಡ್ರು ಏನೂ ಬ್ಯಾಡ. ನೀನು ಒಗ್ಗರಣೆ ಹಾಕ್ಬ್ಯಾಡ ಕಣವ್ವ, ಹುಳಕ್ಕೆ ಘಾಟು ಆಗಕಿಲ್ಲ."

ಆಗಷ್ಟೇ ಶೇವ್ ಮಾಡಿ ಏನೋ ಘಮಘಮ ಹಚ್ಚಿಕೊಂಡು ಬಂದಿದ್ದ ಯಜಮಾನರು ಮೂರು ಸಲ ಮುಖ ತೊಳೆಯಬೇಕಾಯಿತು. ಒಗ್ಗರಣೆಯಿಲ್ಲದ ಉಪ್ಪಿಟ್ಟು ತಿಂದು ಹೊರಟೆವು. ಅದನ್ನು ಉಪ್ಪಿಟ್ಟು ಎನ್ನುವುದು ನನ್ನ ದೊಡ್ಡ ಗುಣ!

ಚಿಟ್ಟೆಮನೆಯ ಬಾಗಿಲಲ್ಲಿ ಅತ್ತೆ ಶೂ ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿ ಅದರೊಳಗೆ ತುರುಕಿ, ಗೋಡೆ ಪಕ್ಕ ಜೋಡಿಸಿಟ್ಟರು. ಟಿಕೆಟ್ ಹರಿಯುತ್ತಿದ್ದ ಹುಡುಗಿ "ಶೂಸ್ ಆನ್, ಪ್ಲೀಸ್" ಎಂದಳು.

"ಹುಳದ ಮನೆಗೆ ಮೆಟ್ಟು ಹಾಕ್ಕೊಂಡು ಹೋಗೋದುಂಟಾ? ರೋಗ ತಗಲ್ತದೆ ಅಂತ ಹೇಳವ್ವ ಆ ಮಗೀಗೆ" ಎಂದರು ಅತ್ತೆ.

ಆರು ವರ್ಷದ ನನ್ನ ಮಗಳು ನಾಚಿ ನೀರಾದಳು. "ಅಜ್ಜಿ, ಪ್ಲೀಸ್! ಎವ್ರಿಬಡಿ ಈಸ್ ಲುಕಿಂಗ್!"

"ನೋಡ್ಲಿ ಬುಡು. ನೋಡಿ ಕಲ್ತ್ಕೊಳ್ಳಲಿ."

ಕಲಿತರು ಕೂಡ! ನಮ್ಮ ಹಿಂದಿದ್ದ ವಯಸ್ಸಾದ ದಂಪತಿ ಇದೇ ಇಲ್ಲಿಯ ನಿಯಮವೆಂದುಕೊಂಡು ಬಗ್ಗಿ ಲೇಸು ಬಿಚ್ಚತೊಡಗಿದರು. ಅವರನ್ನು ನೋಡಿ ಅವರ ಹಿಂದಿನವರು. ಟಿಕೆಟ್ಟಿನ ಹುಡುಗಿ ಎಲ್ಲರಿಗೂ ವಾಪಸ್ ಹಾಕಿಸುವ ಹೊತ್ತಿಗೆ ಗೋಡೆ ಪಕ್ಕ ಏಳು ಜೊತೆ ಇದ್ದವು.

ಒಳಗೆ ಕಾಲಿಟ್ಟರೆ ಚಿಟ್ಟೆಗಳಿಗೆಂದೇ ಕಾಯಿಸಿಟ್ಟ ಹಬೆಯಾಡುವ ಸೆಕೆ. ನಮ್ಮ ಕನ್ನಡಕಗಳೆಲ್ಲ ಮಂಜಾದವು. ಅತ್ತೆ ಲಂಡನ್ನಿಗೆ ಬಂದ ಮೇಲೆ ಮೊದಲ ಸಲ ಎರಡೂ ಸ್ವೆಟರ್ ಕಳಚಿ ನನ್ನ ಕೈಗಿತ್ತು, "ಈಗ ಬಂತು ನೋಡು ಹದ" ಎಂದು ಉಸಿರೆಳೆದುಕೊಂಡರು. ತಲೆಯ ಸುತ್ತ ನೀಲಿ, ಹಳದಿ ಚಿಟ್ಟೆಗಳು ಹಾರಾಡುತ್ತಿದ್ದರೆ ಅವರ ಕಣ್ಣು ಎಲೆಯ ಮೇಲೆ! "ಸೊಪ್ಪು ಬಾಡೈತೆ" ಎಂದವರೇ ಅಲ್ಲಿ ಹುಳಗಳನ್ನು ನೋಡಿಕೊಳ್ಳುತ್ತಿದ್ದ ಕೆಂಚುಗಡ್ಡದ ಮನುಷ್ಯನನ್ನು ತಡೆದು ನಿಲ್ಲಿಸಿದರು. ಇವರು ಕನ್ನಡದಲ್ಲಿ, ಅವನು ಇಂಗ್ಲಿಷಿನಲ್ಲಿ. ಐದು ನಿಮಿಷ ಇಬ್ಬರೂ ಬಿಟ್ಟುಕೊಡದೆ ಮಾತಾಡಿದರು. ಕೊನೆಗೆ ಅವನು ತಲೆಯಾಡಿಸಿ ಒಳಗೆ ಹೋಗಿ ಹೊಸ ಸೊಪ್ಪು ತಂದು ಹಾಕಿದ! ನನಗೋ, ನಾನೇ ಏನೋ ಗೆದ್ದ ಹಾಗೆ ಎದೆಯುಬ್ಬಿತು.

ಆಮೇಲೆ ಬಂತು ಗಾಜಿನ ಪೆಟ್ಟಿಗೆ. ಅದರಲ್ಲಿ ಸಾಲಾಗಿ ಗೂಡುಗಳನ್ನು ನೇತುಹಾಕಿದ್ದರು. ನಾವು ನೋಡುತ್ತಿದ್ದಂತೆ ಒಂದು ಬಿರಿದು ಚಿಟ್ಟೆ ಹೊರಬಂತು. ಸುತ್ತ ನಿಂತವರೆಲ್ಲ "ಓ!" ಎಂದರು. ನಮ್ಮತ್ತೆ ಹಣೆ ಚಚ್ಚಿಕೊಂಡರು.

"ಅಯ್ಯಯ್ಯೋ, ಹಾಳಾಗೋಯ್ತಲ್ಲಪ್ಪ! ಎರಡು ದಿನ ಮುಂಚೇನೆ ಬಿಡಿಸಿ ಮಾರ್ಕೆಟ್ಟಿಗೆ ಹಾಕ್ಬಾರ್ದಾಗಿತ್ತಾ? ಎಂಥಾ ಸೋಮಾರಿಗಳು!"

ಅವರ ತಪ್ಪೇನಿದೆ ಹೇಳಿ? ರೇಷ್ಮೆಯವರ ಲೆಕ್ಕದಲ್ಲಿ ಹುಳ ಗೂಡು ಕಟ್ಟಬೇಕೇ ಹೊರತು ಹೊರಗೆ ಬರಬಾರದು. ಬಂದರೆ ಗೂಡು ತೂತಾಗಿ ನೂಲು ಕೆಡುತ್ತದೆ. ಅದಕ್ಕೆ ಮೊದಲೇ ಗೂಡು ಮಾರುಕಟ್ಟೆಗೆ, ಅಲ್ಲಿಂದ ಬಿಸಿನೀರಿಗೆ. ನಲವತ್ತು ವರ್ಷದಲ್ಲಿ ತಮ್ಮ ಮನೆಯಲ್ಲಿ ಒಂದೇ ಒಂದು ಹುಳಕ್ಕೂ ರೆಕ್ಕೆ ಬರಲು ಬಿಟ್ಟಿಲ್ಲವೆಂಬುದು ಅತ್ತೆಯ ಹೆಮ್ಮೆ. ಆದರೆ ಆ ಒದ್ದೆಮುದ್ದೆ ಚಿಟ್ಟೆ ಮೆಲ್ಲಗೆ ರೆಕ್ಕೆ ಬಿಡಿಸತೊಡಗಿದಾಗ ಅವರ ಬೈಗುಳ ಅರ್ಧಕ್ಕೇ ನಿಂತಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಒಳಗಿಂದ ಹಂಗೆ ಬತ್ತದಾ?"

ಮುಂದಿನ ಭಾನುವಾರ ತಾವೇ ಮೊದಲು ಸ್ನಾನ ಮಾಡಿ ಕೂತಿದ್ದರು!

ಹಾಗೆ ಶುರುವಾಯಿತು ಹಾಜರಿ. ನಾಳೆ ಯಾವ ಹುಳ ಮೇವು ಬಿಟ್ಟು ಗೂಡು ಕಟ್ಟುತ್ತದೆಂದು ಅತ್ತೆ ಇವತ್ತೇ ಬೆರಳು ಮಾಡಿ ತೋರಿಸುವರು. ಮುಂದಿನ ವಾರ ಹೋದರೆ ಕೆಂಚುಗಡ್ಡದವನು "ಮೇಡಂ ವಾಸ್ ರೈಟ್" ಎನ್ನುವನು. ನಾನು ಕೊಲಿಂಡೇಲಿನಿಂದ ಎಜ್‌ವೇರ್‌ವರೆಗೆ ಕಂಡ ಕನ್ನಡದವರಿಗೆಲ್ಲ ಫೋನು ಮಾಡಿ ಇದನ್ನು ಹೇಳಿದೆ. ಹೇಳದೆ ಇರಲು ನನ್ನ ಕೈಲಾಗುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಆ ಪೆಟ್ಟಿಗೆಗೆ ಒಂದು ದೊಡ್ಡ ಕಂದು ಗೂಡು ಬಂತು. ನಮ್ಮ ದೇಶದ ಕಡೆಯ, ರೇಷ್ಮೆ ಸುತ್ತುವ ಯಾವುದೋ ಭಾರೀ ಪತಂಗವಂತೆ. ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿ "ಇದು ನಂದು" ಎಂದು ಘೋಷಿಸಿದರು. ಯಾವಾಗ ಬರುತ್ತದೆಂದು ಕೇಳಿಸಿದರೆ ಕೆಂಚುಗಡ್ಡದವನು ಕೈ ಚೆಲ್ಲಿದ: ವಾರವೂ ಆಗಬಹುದು, ತಿಂಗಳೂ ಆಗಬಹುದು. ಅತ್ತೆಯ ವಿಮಾನವೋ ಮೇ ಕೊನೆಗೆ!

"ಇದು ಬರಾದ್ನ ನೋಡ್ದೆ ನಾನು ಏರೋಪ್ಲೇನ್ ಹತ್ತಕಿಲ್ಲ."

"ಅಮ್ಮ, ವೀಸಾ ಮುಗಿಯುತ್ತೆ" ಎಂದರು ಯಜಮಾನರು.

"ಅದನ್ನ ಹುಳಕ್ಕೆ ಹೇಳು!"

ಒಂದು ಭಾನುವಾರ ಹೋಯಿತು, ಎರಡು ಹೋಯಿತು, ನಾಲ್ಕೂ ಹೋಯಿತು. ಗೂಡು ಮಿಸುಕಲಿಲ್ಲ. ಅತ್ತೆಗೆ ಊಟ ಸೇರದಾಯಿತು. "ಒಂದೇ ಒಂದು ಕಣವ್ವ, ಒಂದಾದ್ರೂ ಕಣ್ಣಾರೆ ನೋಡ್ಬೇಕು" ಎನ್ನುತ್ತಾ ತಟ್ಟೆ ಸರಿಸಿಬಿಟ್ಟರು. ನನಗೆ ಅಳು ಬಂತು. ಹುಳಕ್ಕಾಗಿ ಅಳುವ ದಿನ ನನಗೂ ಬಂದಿತ್ತು ನೋಡಿ!

ಹೊರಡುವ ದಿನ ಮಧ್ಯಾಹ್ನಕ್ಕೆ ವಿಮಾನ. ಸೂಟ್‌ಕೇಸುಗಳನ್ನು ಕಾರಿಗೆ ತುಂಬಿಕೊಂಡೇ ಚಿಟ್ಟೆಮನೆಗೆ ಹೋದೆವು. "ಐದೇ ನಿಮಿಷ" ಎಂದು ಯಜಮಾನರು ದಾರಿಯುದ್ದಕ್ಕೂ ಹೇಳಿದರು. ಒಳಗೆ ಹೋದವರೇ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಗೂಡಿನ ತುದಿ ಒದ್ದೆಯಾಗಿತ್ತು.

ಸ್ವಲ್ಪ ಹೊತ್ತಿಗೆ ಒಂದು ಕಾಲು ಬಂತು. ಆಮೇಲೆ ದಪ್ಪ ಹೊಟ್ಟೆ, ಮುದುಡಿದ ರೆಕ್ಕೆ. ತನ್ನ ಭಾರವನ್ನು ತಾನೇ ಎಳೆದುಕೊಂಡು ಅದು ಕಡ್ಡಿಗೆ ಜೋತುಬಿತ್ತು. ಅತ್ತೆ ಪೆಟ್ಟಿಗೆಯ ಮುಂದೆ ನೆಲದ ಮೇಲೇ ಕೂತುಬಿಟ್ಟರು. ಐದು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು.

"ಅಮ್ಮ, ಹೊತ್ತಾಯ್ತು, ಏಳಮ್ಮ."

"ಸುಮ್ಕಿರ್ಲಾ."

ರೆಕ್ಕೆ ಅಗಲವಾಗುತ್ತಾ ಆಗುತ್ತಾ ಅತ್ತೆಯ ಎರಡು ಅಂಗೈ ಜೋಡಿಸಿದಷ್ಟಾಯಿತು. ಅವರು ಅದರಿಂದ ಕಣ್ಣು ಕೀಳದೆಯೇ ಮಗನಿಗೆ ಹೇಳಿದರು:

"ಊರೋರೆಲ್ಲ ಇಸ್ಕೂಲು ಬುಡ್ಸಿ ನಿನ್ನೂ ಹುಳದ ಮನೇಗೇ ಹಾಕು ಅಂದ್ರು ಕಣ್ಲಾ. ನಾನು ಕೇಳ್ನಿಲ್ಲ. ನಾನು ಸಾಕಿದ್ರಾಗೆ ರೆಕ್ಕೆ ಬರಗಂಟ ಬುಟ್ಟಿದ್ದು ನಿನ್ನೊಬ್ಬನ್ನೇ."

ನಮ್ಮ ಯಜಮಾನರು ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡು, ಆ ಒದ್ದೆ ನೆಲದ ಮೇಲೆ ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನೋಡವ್ವ, ಇನ್ನೂ ಟೈಮೈತೆ" ಎಂದರು. ಇರಲಿಲ್ಲ.