ಟ್ರಂಕಿಗೆ ಹಾಕಿದ ಮೂರು ಫೋನು

ಸಂಸಾರ ಸುಧಾರಿಸುವ ಉಮೇದು ನನಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ದೋಸೆ ತಿನ್ನುವಾಗ. ಹೆಂಡತಿ ಮಂಗಲಾ ಒಂದು ಫೋನು ನೋಡುತ್ತಿದ್ದಳು, ಮಗಳು ಶ್ರಾವಣಿ ಇನ್ನೊಂದು. ನನ್ನ ತಟ್ಟೆಯಲ್ಲಿ ಚಟ್ನಿ ಮುಗಿದು ಎಷ್ಟೋ ಹೊತ್ತಾಗಿತ್ತು. ಯಾರಿಗೂ ಖಬರಿಲ್ಲ! ಕಾರವಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಸುತ್ತೋಲೆ ಬರೆದ ಗುಮಾಸ್ತ ನಾನು. ಕೂಡಲೇ ಆದೇಶ ಹೊರಡಿಸಿದೆ.

"ಊಟ ಆದ್ಮೇಲೆ ಎಲ್ಲಾ ಫೋನೂ ಟ್ರಂಕಿನೊಳಗೆ. ಸಂಜೆವರೆಗೆ ಇಸ್ಪೀಟು ಆಡುದು!"

ನಮ್ಮದು ಅಂಕೋಲೆಯ ಕಡಲದಂಡೆಯ ಮನೆ. ತಮ್ಮ ದತ್ತಾ ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗಿ ಬಲೆ ಬಿಡುತ್ತಾನೆ. ನನಗೋ, ದೋಣಿ ಹತ್ತಿದರೆ ವಾಂತಿ. ಹಾಗಾಗಿ ಮನೆತನದ ಕಸುಬಿನಲ್ಲಿ ನನಗೆ ಉಳಿದದ್ದು ಒಂದೇ ಕೆಲಸ. ಅವನು ನೀರಿನಲ್ಲಿರುವಾಗ ದಡದಲ್ಲಿ ಫೋನು ಹಿಡಿದಿರುವುದು. ಎಂಜಿನ್ ಕೈಕೊಟ್ಟರೆ ಅವನು ಕರೆಯುತ್ತಾನೆ, ನಾನು ದಂಡೆಗೆ ಓಡಿ ಇನ್ನೊಂದು ದೋಣಿ ಕಳಿಸುತ್ತೇನೆ.

"ಹೌದ್ರಾ, ದತ್ತಾ ಕಡಲಲ್ಲಿದ್ದಾನಲ್ಲ. ನಿಮ್ಮ ಫೋನಾದ್ರೂ ಹೊರಗಿರ್ಲಿ," ಎಂದಳು ಮಂಗಲಾ.

"ಯಜಮಾನನೇ ನಿಯಮ ಮುರಿದ್ರೆ ಹ್ಯಾಂಗೆ? ಕಡಲು ಎಷ್ಟು ತಣ್ಣಗಿದೆ ನೋಡು!"

ಮೂರೂ ಫೋನು ಸೈಲೆಂಟ್ ಮಾಡಿ, ಚಾದರದಲ್ಲಿ ಸುತ್ತಿ, ಟ್ರಂಕಿಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಸರ್ಕಾರಿ ಖಜಾನೆಗೂ ಇಷ್ಟು ಭದ್ರತೆ ಇರಲಿಕ್ಕಿಲ್ಲ!

ಮೊದಲು ಹಾವು-ಏಣಿ. ಆಮೇಲೆ ಕತ್ತೆ ಆಟ. ಕೊನೆಗೆ ಕೈಯಲ್ಲಿ ಎಲೆ ಉಳಿದವನೇ ಕತ್ತೆ. ನಾಲ್ಕು ಸಲವೂ ನಾನೇ! ಶ್ರಾವಣಿ ಹೊಟ್ಟೆ ಹಿಡಿದು ನಕ್ಕಳು. ಅವಳು ನನ್ನ ಮುಖ ನೋಡಿ ನಕ್ಕು ಎಷ್ಟು ತಿಂಗಳಾಗಿತ್ತೋ. ಸುಳ್ಳೇಕೆ ಹೇಳಲಿ, ಬಹಳ ಸುಖವಾಯಿತು. ಅಷ್ಟರಲ್ಲಿ ಗಾಳಿ ಎದ್ದು ಎಲೆಗಳು ಹಾರಿದವು. ಮಂಗಲಾ ಕಿಟಕಿಯತ್ತ ನೋಡಿದಳು.

"ಒಂದ್ಸಲ ಫೋನು ನೋಡಿ."

"ಸೋಲುವ ಹೆದ್ರಿಕೆಯಾ?" ಎಂದು ಕಿಟಕಿ ಮುಚ್ಚಿದೆ.

ಚಹಾ ಕುಡಿದು ಮತ್ತೆ ಕೂತು, ಸಂಜೆ ಹೊತ್ತಿಗೆ ಐದನೆಯ ಆಟ ಗೆದ್ದೆ! ಎದ್ದು ಕುಣಿಯುತ್ತಿದ್ದಾಗ ನೆರೆಮನೆಯ ಗಣಪಣ್ಣ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಏ ಮಾರಾಯಾ, ನಿನ್ನ ತಮ್ಮನ ದೋಣಿ ಎಂಜಿನ್ ಕೆಟ್ಟು ಮಂಜಗುಣಿ ಹತ್ರ ಬಂಡೆಗೆ ಬಡಿದು ಚೂರಾಯ್ತು! ಅಲ್ಲಿಯವರು ಅಂವನ್ನ ಎಳೆದು ಆಸ್ಪತ್ರೆಗೆ ಸೇರ್ಸಿದ್ರು. ನೀನು ಫೋನೇ ಎತ್ತುದಿಲ್ಲ ಅಂತ ನಂಗೆ ಫೋನು ಮಾಡಿದ್ರು. ಎಂತ ಮಾಡ್ತಿದ್ದೆ?"

"ಕತ್ತೆ ಆಡ್ತಿದ್ದೆ," ಎಂದೆ.

ಕೀಲಿಯ ಗಂಟು ಎಳೆದಷ್ಟೂ ಬಿಗಿಯಾಯಿತು. ಮಗಳು ಕತ್ತರಿ ತಂದು ಉಡಿದಾರವನ್ನೇ ಕತ್ತರಿಸಿದಳು. ಫೋನಿನಲ್ಲಿ ದತ್ತಾನ ಹದಿನೇಳು ಮಿಸ್ಡ್ ಕಾಲ್. ಮೊದಲನೆಯದು ನಾನು ಎರಡನೆಯ ಸಲ ಕತ್ತೆಯಾದ ಹೊತ್ತಿನದು.

ದೋಣಿಗೂ ಬಂಡೆಗೂ ನಡುವೆ ಸಿಕ್ಕಿದ ಅವನ ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ನಾನು ಕೇಳಿದ್ದೇನು ಗೊತ್ತೇ? "ಬೇರೆ ಯಾರಿಗಾದ್ರೂ ಫೋನು ಮಾಡುದಲ್ವಾ?" ಎಂಥಾ ಜಾಣ!

"ನೀ ಎತ್ತೇ ಎತ್ತುತ್ತಿ ಅಂತ ನಿಂಗೇ ಮಾಡ್ತಾ ಇದ್ದೆ ಅಣ್ಣಾ, ಚಾರ್ಜು ಮುಗಿಯುವವರೆಗೆ," ಎಂದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಎರಡು ಬಾರಿಸಿದ್ದರೆ ಒಳ್ಳೆಯದಿತ್ತು.

ಈಗ ಅವನು ಬೇರೆಯವರ ದೋಣಿಗೆ ಹೋಗುತ್ತಾನೆ. ಹೊರಡುವ ಮೊದಲು ದೋಣಿ ಮಾಲೀಕರಿಗೆ ದಡದಲ್ಲಿರುವ ಮನೆಯವರೊಬ್ಬರ ನಂಬರ್ ಕೊಡಬೇಕು. ಮಂಗಲಾಳದ್ದು ಕೊಟ್ಟಿದ್ದಾನೆ. ನಾನು ಫೋನನ್ನು ಬಚ್ಚಲಿಗೂ ಒಯ್ಯುತ್ತೇನೆ, ದನಿ ಪೂರ್ತಿ ಏರಿಸಿ. ಬರುವುದು ಮಾತ್ರ ಕಾಲರ್ ಟ್ಯೂನ್ ಬೇಕೇ ಎಂದು ಕೇಳುವ ರೆಕಾರ್ಡಿನ ಹೆಂಗಸಿನ ಕರೆ. ಒಂದೇ ರಿಂಗಿಗೆ ಎತ್ತುತ್ತೇನೆ!